ಅಳತೆಗೆ ಕೊಟ್ಟ ಹಳದಿ ಫ್ರಾಕು

ಕಳೆದ ವಾರ ಉತ್ತರಹಳ್ಳಿಯ ನಮ್ಮ ರಸ್ತೆಯ ಕೊನೆಯಲ್ಲಿರುವ ಟೈಲರ್ ಅಂಗಡಿಗೆ ಹೋಗಿದ್ದೆ. ಎರಡು ಪ್ಯಾಂಟಿನ ಸೊಂಟ ಹಿಡಿಸಬೇಕಿತ್ತು. ಇತ್ತೀಚೆಗೆ ಯಾವ ಪ್ಯಾಂಟೂ ಬೆಲ್ಟಿಲ್ಲದೆ ನನ್ನ ಮೇಲೆ ನಿಲ್ಲುವುದಿಲ್ಲ. ಆಫೀಸಿನಲ್ಲಿ ಹುಡುಗರು "ಡಯಟ್ಟಾ ಸಾರ್?" ಎಂದು ಕೇಳುತ್ತಾರೆ, ನಾನೂ ಹೌದಪ್ಪ ಎನ್ನುತ್ತೇನೆ. ಒಬ್ಬನೇ ಬೇಯಿಸಿ ಒಬ್ಬನೇ ಉಣ್ಣುವವನ ಡಯಟ್ಟು. ಅಂಗಡಿಯೊಳಗೆ ಕಾಲಿಟ್ಟ ಕೂಡಲೇ ಮಿಷನ್ ಎಣ್ಣೆಯ ವಾಸನೆ ಮೂಗಿಗೆ ಬಂತು. ಜೊತೆಗೆ ಹೊಸ ಬಟ್ಟೆಯ ಗಂಜಿ, ಇಸ್ತ್ರಿಯ ಬಿಸಿ. ಟೈಲರು ಕತ್ತು ಎತ್ತದೆಯೇ, "ಸರಿಯಾಗಿ ಕೂತ್ಕೊಳ್ಳೋ ಹಳೇ ಪ್ಯಾಂಟ್ ಒಂದಿದ್ರೆ ಕೊಡಿ ಸಾರ್, ಅಳತೆಗೆ" ಎಂದರು.

ಅಳತೆಗೆ... ಆ ಮಾತು ಕೇಳಿ ಎಷ್ಟು ವರ್ಷವಾಗಿತ್ತು. ನನಗಿಂತ ಮುಂಚೆ ಬಂದವರು ಇಬ್ಬರಿದ್ದರು. ಸರದಿ ಬರಲಿ ಎಂದು ಗೋಡೆ ಪಕ್ಕದ ಸ್ಟೂಲಿನ ಮೇಲೆ ಕೂತೆ. ಕೂತವನಿಗೆ ಅವರು ನೆನಪಾದರು.

ಅವರನ್ನು ನಾವು ಟೈಲರ್ ಆಂಟಿ ಎನ್ನುತ್ತಿದ್ದೆವು. ಇಡೀ ಓಣಿ ಹಾಗೇ ಕರೆಯುತ್ತಿತ್ತು. ಗದಗಿನಿಂದ ಕೆಲಸಕ್ಕೆಂದು ಬಂದ ನಾನು ಮದುವೆಯಾದ ಮೇಲೆ ಸುದ್ದಗುಂಟೆಪಾಳ್ಯದಲ್ಲಿ ಅವರ ಮನೆಯ ಮೇಲಿನ ಮಹಡಿಯನ್ನು ಬಾಡಿಗೆಗೆ ಹಿಡಿದಿದ್ದೆ. ಪಾಳ್ಯ ಇನ್ನೂ ಹಳ್ಳಿಯಾಗಿದ್ದ ಕಾಲದ ಕುಟುಂಬ ಅವರದು. ಗಂಡ ತೀರಿಕೊಂಡಿದ್ದರು. ಒಬ್ಬನೇ ಮಗ ಜೆ.ಪಿ. ನಗರದಲ್ಲಿ ಹೆಂಡತಿಯೊಂದಿಗೆ ಬೇರೆ ಇದ್ದ. ಕೆಳಗಿನ ಮನೆಯ ಮುಂದಿನ ಕೋಣೆಯಲ್ಲಿ ಕಾಲಲ್ಲಿ ತುಳಿಯುವ ಹಳೆಯ ಮಿಷನ್ನು, ಗೋಡೆಯ ಮೇಲೆ ಬುದ್ಧನ ಪಟ, ನೆಲದ ತುಂಬ ಬಟ್ಟೆಯ ಚೂರು. ನನ್ನ ಗದಗಿನ ಮಾತು ಕೇಳಿದರೆ ಅವರಿಗೆ ನಗು. ನಾನು "ಏನ್ರೀ ಆಂಟಿ" ಎಂದರೆ ಸಾಕು, ಬಾಯಿಗೆ ಸೆರಗು ಅಡ್ಡ ಹಿಡಿದು, "ಆಂಟಿಗೂ ರೀ ಸೇರಿಸ್ಬಿಟ್ರಾ ಸಾರ್?" ಎಂದು ಕಾಲೆಳೆಯುತ್ತಿದ್ದರು.

ಮಗಳು ಹುಟ್ಟಿದ್ದು ನಾವು ಆ ಮನೆಯಲ್ಲಿದ್ದಾಗ. ಅವಳ ಮೊದಲ ಹುಟ್ಟುಹಬ್ಬಕ್ಕೆ ಜಯನಗರಕ್ಕೆ ಹೋಗಿ ರೆಡಿಮೇಡ್ ತರೋಣವೆಂದು ಹೊರಟಿದ್ದೆ. ಆಂಟಿ ಗೇಟಿನ ಹತ್ತಿರವೇ ತಡೆದು ನಿಲ್ಲಿಸಿ, "ಟೈಲರ್ ಮನೇಲಿರೋ ಮಗೂಗೆ ಅಂಗಡಿ ಬಟ್ಟೇನಾ? ಜನ ನನ್ನ ಏನಂತಾರೆ?" ಎಂದು ಗದರಿದರು. ಅಲ್ಲಿಂದ ಶುರುವಾಯಿತು.

ಅವರದೊಂದು ಕಟ್ಟುಪಾಡಿತ್ತು. ಹುಟ್ಟುಹಬ್ಬದ ಬಟ್ಟೆಗೆಂದು ಮಗುವಿನ ಮೈಗೆ ಟೇಪು ಮುಟ್ಟಿಸಕೂಡದು. ಬೆಳೆಯುವ ಮೈಯನ್ನು ಅಳೆದರೆ ಬೆಳವಣಿಗೆಗೇ ದೃಷ್ಟಿಯಾಗುತ್ತದಂತೆ. ಅದು ಅವರ ತಾಯಿ ಹೇಳಿಕೊಟ್ಟಿದ್ದೋ ಇವರೇ ಹುಟ್ಟಿಸಿಕೊಂಡಿದ್ದೋ, ನಾನು ಕೇಳಲಿಲ್ಲ. ಹಾಗಾಗಿ ಹೋದ ವರ್ಷದ ಹುಟ್ಟುಹಬ್ಬದ ಬಟ್ಟೆಯೇ ಈ ವರ್ಷದ್ದಕ್ಕೆ ಅಳತೆ. ಮೊದಲ ಸಲ ನಾಮಕರಣದ ಅಂಗಿ ಕೊಟ್ಟೆವು. ಅದನ್ನು ಹೊಸ ಬಟ್ಟೆಯ ಮೇಲೆ ಹಾಸಿ, ಅಂಚಿನ ಕೆಳಗೆ ತಮ್ಮ ಮೂರು ಬೆರಳು ಅಡ್ಡ ಇಟ್ಟು, ಬೆರಳಿನಾಚೆ ಚಾಕ್‌ಪೀಸಿನಿಂದ ಗೆರೆ ಎಳೆದರು. "ವರ್ಷಕ್ಕೆ ಮೂರು ಬೆರಳು ಸಾರ್. ಅದಕ್ಕಿಂತ ಜಾಸ್ತಿ ಬೆಳೆದ್ರೆ ಅದು ನಿಮ್ ಜೋಳದ ರೊಟ್ಟಿದು, ನನ್ ತಪ್ಪಲ್ಲ."

ಹೊಲಿದಾದ ಮೇಲೆ ಹಳೆಯ ಪೇಪರಿನಲ್ಲಿ ಸುತ್ತಿ, ದಾರ ಕಟ್ಟಿ ಕೊಡುತ್ತಿದ್ದರು. ನಾನು ಅಲ್ಲೇ ಬಿಚ್ಚಿ, ನಮ್ಮವ್ವ ಮಾಡುತ್ತಿದ್ದ ಹಾಗೆ ಅಂಚಿಗೆ ಒಂದು ಚೂರು ಅರಿಶಿನ ಹಚ್ಚುತ್ತಿದ್ದೆ. ಅದಕ್ಕೂ ಅವರ ತಮಾಷೆ ಇತ್ತು. ಪಟದ ಕಡೆ ಕಣ್ಣು ತೋರಿಸಿ, "ಇವ್ರಿಗೆ ಇದೆಲ್ಲ ಬೇಕಿಲ್ಲ. ಆದ್ರೂ ಹಚ್ಚಿ, ಮಗೂಗೆ ಒಳ್ಳೇದಾದ್ರೆ ಸಾಕು" ಎನ್ನುತ್ತಿದ್ದರು.

ನಾಲ್ಕನೆಯ ಹುಟ್ಟುಹಬ್ಬದ್ದು ಹಳದಿ ಫ್ರಾಕು. ಎದೆಯ ಮೇಲೆ ಎರಡು ದೊಡ್ಡ ಬಿಳಿ ಗುಂಡಿ. ಆ ಸಂಜೆ ಮೇಲೆ ನೆಂಟರು, ಆಫೀಸಿನವರು ಬಂದು ಕೇಕಿನ ಮುಂದೆ ನಿಂತಿದ್ದಾರೆ, ಮಗಳೇ ಇಲ್ಲ. ಹುಡುಕಿಕೊಂಡು ಕೆಳಗೆ ಬಂದರೆ, ಮಿಷನ್ನಿನ ಕೆಳಗೆ ಬಟ್ಟೆ ಚೂರುಗಳ ರಾಶಿಯ ಮೇಲೆ ಹೊಸ ಫ್ರಾಕು ಹಾಕಿಕೊಂಡೇ ನಿದ್ದೆ ಹೋಗಿದ್ದಾಳೆ. ಆಂಟಿ ತುಳಿಯುವ ಹಲಗೆಯಿಂದ ಕಾಲು ತೆಗೆದು, ಕೈಯಲ್ಲಿ ಅರ್ಧ ಹೊಲಿದ ಬ್ಲೌಸು ಹಿಡಿದು ಸುಮ್ಮನೆ ಕೂತಿದ್ದರು. ಎಬ್ಬಿಸಲು ಬಗ್ಗಿದವನಿಗೆ ಬಾಯಿ ಮೇಲೆ ಬೆರಳಿಟ್ಟು ತೋರಿಸಿದರು. ಕೇಕು ಕಾಯಿತು, ನೆಂಟರು ಕಾದರು. ಎದ್ದ ಮೇಲೆ ಓಡಿ ಬರುವಾಗ ಗೇಟಿನ ಕೊಂಡಿಗೆ ಸಿಕ್ಕಿ ಫ್ರಾಕಿನ ಅಂಚು ಹರಿಯಿತು. ಹೊಲಿದುಕೊಡುತ್ತೇನೆ ಎಂದು ಆಂಟಿ ಮರುದಿನ ಅದನ್ನು ಇಸಿದುಕೊಂಡರು.

ಅದೇ ವಾರ ನನ್ನ ಹೆಂಡತಿ ಮಗಳನ್ನು ಕರೆದುಕೊಂಡು ಪುಣೆಯ ತನ್ನ ಅಣ್ಣನ ಮನೆಗೆ ಹೊರಟುಹೋದಳು. ಯಾಕೆ ಎಂದು ಕೇಳಿದರೆ ಹೇಳಿಕೊಳ್ಳುವಂಥ ದೊಡ್ಡ ಕಾರಣವೇನೂ ಇರಲಿಲ್ಲ. ಇಬ್ಬರೂ ಕೂಗಾಡುತ್ತಿದ್ದೆವು. ಕೂಗಾಡಿ ಸಾಕಾಗಿ ಮಾತು ಬಿಟ್ಟೆವು. ಮಾತು ಬಿಟ್ಟ ಮನೆಯಲ್ಲಿ ಮಗು ಬೆಳೆಯಬಾರದು ಎಂದು ಅವಳು ಹೇಳಿದ್ದು ಸುಳ್ಳಲ್ಲ. ಕೋರ್ಟಿನಲ್ಲಿ ಇಬ್ಬರೂ ಒಪ್ಪಿ ಸಹಿ ಹಾಕಿದೆವು. ಮೊದಲ ವರ್ಷ ಮಗಳನ್ನು ನೋಡಲು ಪುಣೆಗೆ ಹೋದೆ. ಅವಳು ಬಾಗಿಲ ಹಿಂದೆ ನಿಂತು ಇಣುಕಿದಳು, ಹತ್ತಿರ ಬರಲಿಲ್ಲ. ಮತ್ತೊಮ್ಮೆ ಹೋದೆ. ನಾನು ಹೊರಟ ಮೇಲೆ ಮಗಳಿಗೆ ಜ್ವರ ಬಂತಂತೆ. ಆಮೇಲೆ ಅವಳ ತಾಯಿ ಮತ್ತೆ ಮದುವೆಯಾದಳು. ಹೊಸ ಮನೆಯಲ್ಲಿ ನಾನು ಬಂದು ಹೋಗುವುದು ಯಾರಿಗೂ ಹಿತವಿರಲಿಲ್ಲ. ಫೋಟೋಗಳು ಒಂದಷ್ಟು ದಿನ ಬಂದವು, ಆಮೇಲೆ ನಿಂತವು. ಬಂದವೂ ಬರೀ ಮುಖದ್ದು. ಮುಖದ ಫೋಟೋದಲ್ಲಿ ಮಗು ಎಷ್ಟು ಉದ್ದವಾಗಿದೆ ಎಂದು ಎಲ್ಲಿ ತಿಳಿಯುತ್ತದೆ? ಕೊನೆಗೆ ಉಳಿದದ್ದು ಒಂದೇ. "ಹುಟ್ಟಿದ ಹಬ್ಬಕ್ಕ ಅರಿವಿ ಕಳಸ್ರಿ, ಬ್ಯಾಡ ಅನ್ನಂಗಿಲ್ಲ" ಎಂದಿದ್ದಳು ಅವಳ ತಾಯಿ. ವರ್ಷಕ್ಕೊಂದು ಬಟ್ಟೆ, ಅದು ತಲುಪಿದ ದಿನ ಮಗಳಿಂದ ಒಂದು ಫೋನು.

ಐದನೆಯ ಹುಟ್ಟುಹಬ್ಬ ಹತ್ತಿರ ಬಂದಾಗ ಬಟ್ಟೆ ತಗೊಂಡು ಕೆಳಗೆ ಹೋದೆ. ಆಂಟಿ ಅಭ್ಯಾಸದ ಮೇಲೆ, "ಅಳತೆ ತಂದ್ರಾ ಸಾರ್?" ಎಂದುಬಿಟ್ಟರು. ಅಂದ ಮೇಲೆ ಅವರ ಮುಖ ನೋಡಬೇಕಿತ್ತು... ಎದ್ದು ಹೋಗಿ, ಮಿಷನ್ನಿನ ಡ್ರಾಯರಿನಿಂದ ಹಳದಿ ಫ್ರಾಕು ತೆಗೆದುಕೊಂಡು ಬಂದರು. ಹರಿದ ಅಂಚನ್ನು ಹೊಲಿದು ಇಟ್ಟಿದ್ದರು. ನಾವಿಬ್ಬರೂ ಅದನ್ನು ಹಾಸಿಕೊಂಡು ನೆಲದ ಮೇಲೆ ಕೂತೆವು. "ಪಾಪು ಉದ್ದ ಬಂದಿರತ್ತಾ, ದಪ್ಪ ಆಗಿರತ್ತಾ?" ಎಂದು ಕೇಳಿದರು. ಬಾಗಿಲ ಹಿಂದಿನಿಂದ ಇಣುಕಿದ ಮುಖ ಬಿಟ್ಟರೆ ನನಗೇನೂ ಗೊತ್ತಿರಲಿಲ್ಲ. ಎದುರುಮನೆಯಲ್ಲಿ ಮಗಳ ವಾರಿಗೆಯದೇ ಒಂದು ಹುಡುಗಿ ಇದ್ದಳು. ಅವಳನ್ನು ಕರೆದು, ಕೈಗೊಂದು ಬಿಸ್ಕತ್ತು ಕೊಟ್ಟು ನಿಲ್ಲಿಸಿ, ಹಳದಿ ಫ್ರಾಕನ್ನು ಬೆನ್ನಿಗೆ ಹಿಡಿದು ನೋಡಿದರು. ಆ ಹುಡುಗಿ ಸ್ವಲ್ಪ ಗುಂಡಗಿದ್ದಳು. "ಇವಳಷ್ಟು ದಪ್ಪ ಬೇಡ" ಎಂದು ಆಂಟಿ, "ಅಲ್ಲಿ ತುಪ್ಪ ಜಾಸ್ತಿ ತಿನ್ನಿಸ್ತಾರೆ, ಇರಲಿ" ಎಂದು ನಾನು. ಇಲ್ಲದ ಮಗುವಿನ ಮೈಕಟ್ಟಿನ ಬಗ್ಗೆ ಇಬ್ಬರು ದೊಡ್ಡವರು ಜಗಳವಾಡಿದ್ದೂ ಆಡಿದ್ದೇ.

ಫೋನು ಬಂತು. "ಥ್ಯಾಂಕ್ಯೂ ಪಪ್ಪಾ."

"ಸರಿ ಆತೇನವ್ವಾ?"

"ಹ್ಞೂಂ."

ಅಷ್ಟೇ. ಆ "ಹ್ಞೂಂ" ಹಿಡಿದುಕೊಂಡು ಮೆಟ್ಟಿಲಿಳಿದು ಓಡಿದೆ. "ಸರಿಯಾಯ್ತಂತೆ ಆಂಟಿ!" ಅವರು ಮಿಷನ್ ನಿಲ್ಲಿಸಿ, ಎರಡೂ ಕೈ ಸೊಂಟಕ್ಕಿಟ್ಟುಕೊಂಡು, "ಮತ್ತೆ? ಯಾರ್ ಹೊಲ್ದಿದ್ದು?" ಎಂದರು. ಮುಂದಿನ ವರ್ಷಗಳಲ್ಲೂ ಹೀಗೇ ನಡೆಯಿತು. ಅಳತೆಗೆ ಹಳೆಯ ಬಟ್ಟೆ ಕಳಿಸಿ ಎಂದು ಪುಣೆಗೆ ಕೇಳುವ ಮುಖ ನನಗಿರಲಿಲ್ಲ, ಹಾಗಾಗಿ ಅದೇ ಹಳದಿ ಫ್ರಾಕು. ಅದರ ಕೆಳಗೆ ಮೂರು ಬೆರಳು, ಮತ್ತೆ ಮೂರು, ಮತ್ತೆ ಮೂರು. ಎದುರುಮನೆ ಹುಡುಗಿ ಪ್ರತಿ ವರ್ಷ ಬಂದು ಬೆನ್ನು ಕೊಟ್ಟು ನಿಲ್ಲುತ್ತಿದ್ದಳು, ಬಿಸ್ಕತ್ತಿನ ಬದಲು ಚಾಕೊಲೇಟು ಕೇಳುವಷ್ಟು ದೊಡ್ಡವಳಾಗಿದ್ದಳು. ಅವಳು ಬೆಳೆದದ್ದನ್ನು ನೋಡಿಯೇ ನನ್ನ ಮಗಳು ಬೆಳೆದಳೆಂದು ತಿಳಿದುಕೊಳ್ಳುತ್ತಿದ್ದೆ. ಆ ಮಗುವನ್ನು ಕಂಡರೆ ನನಗೆ ಪ್ರೀತಿಯೂ ಆಗುತ್ತಿತ್ತು, ಹೊಟ್ಟೆಯೂ ಉರಿಯುತ್ತಿತ್ತು.

ಆಂಟಿಗೆ ಮರೆವು ಯಾವಾಗ ಶುರುವಾಯಿತೋ ಸರಿಯಾಗಿ ಹೇಳಲಾರೆ. ಮೊದಲು ಒಂದು ತೋಳನ್ನು ತಿರುಗುಮುರುಗಾಗಿ ಜೋಡಿಸಿದರು, ಅದಕ್ಕೆ ತಾವೇ ನಕ್ಕರು. ಆಮೇಲೆ ಗಿರಾಕಿಗಳು ಕಡಿಮೆಯಾದರು. ಒಂದು ಸಂಜೆ ನಾನು ಆಫೀಸಿನಿಂದ ಬಂದು ಗೇಟು ತೆಗೆಯುವಾಗ, "ಪಾಪು ಸ್ಕೂಲಿಂದ ಬಂತಾ ಸಾರ್? ಇವತ್ತು ಕೆಳಗೆ ಬರ್ಲೇ ಇಲ್ಲ" ಎಂದು ಕೇಳಿದರು. ಮಗಳು ಆ ಮನೆ ಬಿಟ್ಟು ಎಷ್ಟೋ ವರ್ಷವಾಗಿತ್ತು. ಮೊದಲ ಸಲ ಇದ್ದದ್ದನ್ನು ಹೇಳಿದೆ. ಅವರು ಹೌದಲ್ವಾ ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು, ಮಾರನೇ ದಿನ ಮತ್ತೆ ಅದನ್ನೇ ಕೇಳಿದರು. ಅವರನ್ನು ದಿನಾ ಅಳಿಸುವುದು ಯಾಕೆ ಎಂದು ನಾನು "ಬಂದಿದಾಳೆ ಆಂಟಿ, ಮಲಗಿದಾಳೆ" ಎನ್ನತೊಡಗಿದೆ. ಹೇಳಲು ಶುರು ಮಾಡಿದ್ದು ಅವರಿಗಾಗಿ. ಬರಬರುತ್ತಾ ಆ ಮಾತಿಗಾಗಿಯೇ ನಾನು ಅವರ ಬಾಗಿಲಲ್ಲಿ ನಿಲ್ಲುತ್ತಿದ್ದೆ. ಊರಲ್ಲೆಲ್ಲ ನನ್ನ ಮಗಳು ಇರುವ ಜಾಗ ಅದೊಂದೇ ಆಗಿತ್ತು. ಅಲ್ಲಿ ಅವಳಿಗೆ ನಾಲ್ಕು ವರ್ಷ, ಮೇಲೆ ಮಲಗಿದ್ದಾಳೆ, ಎದ್ದ ಕೂಡಲೇ ಕೆಳಗೆ ಬರುತ್ತಾಳೆ...

ಹತ್ತನೆಯ ಹುಟ್ಟುಹಬ್ಬದ ಹೊತ್ತಿಗೆ ಎದುರುಮನೆಯವರು ಖಾಲಿ ಮಾಡಿಕೊಂಡು ಹೋಗಿದ್ದರು. ಬೆನ್ನು ಕೊಟ್ಟು ನಿಲ್ಲಲು ಯಾರೂ ಇರಲಿಲ್ಲ. ನಾನು ನೇರಳೆ ಬಣ್ಣದ ಬಟ್ಟೆ ಕೊಟ್ಟೆ, ಆಂಟಿ ಡ್ರಾಯರಿನಿಂದ ಹಳದಿ ಫ್ರಾಕು ತೆಗೆದಿಟ್ಟುಕೊಂಡರು. ಅವರಿಗೆ ಆಗುತ್ತದೋ ಇಲ್ಲವೋ ಎಂಬ ಅಳುಕು ನನಗಿತ್ತು, ಆದರೆ ಈ ಬಟ್ಟೆಯನ್ನು ಬೇರೆಯವರ ಕೈಗೆ ಕೊಡಲು ಮನಸ್ಸು ಬರಲಿಲ್ಲ. ಕೆಲವು ದಿನ ಕಳೆದು ಪೊಟ್ಟಣ ಕೊಟ್ಟರು. ಹೊಲಿಗೆ ಮೊದಲಿನಷ್ಟೇ ನೀಟು. ತೋಳು ಸರಿಯಾಗಿತ್ತು, ಕತ್ತು ಸರಿಯಾಗಿತ್ತು. ಅಂಚಿಗೆ ಅರಿಶಿನ ಹಚ್ಚಿದೆ. ಎರಡೂ ಕೈಯಲ್ಲಿ ಹಿಡಿದು, ಎತ್ತಿ, ಕಿಟಕಿಯ ಬೆಳಕಿಗೆ ನೋಡಿದೆ. "ಸಖತ್ತಾಗಿದೆ ಆಂಟಿ" ಎಂದೆ. ಅವರಿಗೆ ಖುಷಿಯಾಯಿತು. ಅದೇ ದಿನ ಕೊರಿಯರ್ ಮಾಡಿದೆ.

ಅದು ನಾಲ್ಕೈದು ವರ್ಷದ ಮಗುವಿನ ಫ್ರಾಕು. ಹಳದಿ ಫ್ರಾಕಿನ ಅಳತೆಗೆ ಹಾಗೇ ಕತ್ತರಿಸಿ ಬರೀ ಮೂರೇ ಬೆರಳು ಬಿಟ್ಟಿದ್ದರು. ಅವರ ಲೆಕ್ಕದಲ್ಲಿ ಮಗಳಿಗೆ ಈಗ ಐದು ತುಂಬುತ್ತಿತ್ತು. ಅವರಿಗೆ ಮರೆವಿತ್ತು. ನನಗೇನಾಗಿತ್ತು? ನಾನು ಅದನ್ನು ಕೈಯಲ್ಲಿ ಹಿಡಿದಿದ್ದೆ, ಬೆಳಕಿಗೆ ಹಿಡಿದು ನೋಡಿದ್ದೆ. ನನ್ನ ಕಣ್ಣಿಗೂ ಅದು ಸರಿಯಾಗೇ ಕಂಡಿತ್ತು.

ಫೋನು ಬಂತು. ಮಗಳ ಕನ್ನಡ ಅಷ್ಟು ಹೊತ್ತಿಗೆ ತೊದಲತೊಡಗಿತ್ತು. ಒಂದೊಂದೇ ಪದ ಹುಡುಕಿ ಹೇಳುತ್ತಿದ್ದಳು. ಹೊಸ ಮನೆಯಲ್ಲಿ ಅವಳಿಗೆ ಮೂರ್ನಾಲ್ಕು ವರ್ಷದ ಪುಟ್ಟ ತಂಗಿಯೊಬ್ಬಳು ಇರುವುದು ನನಗೆ ಗೊತ್ತಿತ್ತು.

"ಪಪ್ಪಾ, ಫ್ರಾಕ್ ಬಂತು. ತಂಗಿಗೆ ಕಳಿಸಿದ್ದಾ? ತಂಗಿಗೆ ಕರೆಕ್ಟ್ ಆಯ್ತು."

ನನಗೆ ಏನೂ ಅರ್ಥವಾಗಲಿಲ್ಲ. ಆಮೇಲೆ ಕಿಟಕಿಯ ಬೆಳಕಿಗೆ ಹಿಡಿದಿದ್ದ ಫ್ರಾಕಿನ ಉದ್ದ ನೆನಪಾಯಿತು.

"ನಂದು ಆಮೇಲೆ ಬರತ್ತಾ ಪಪ್ಪಾ?"

ಆಗ ಏನಾದರೂ ಹೇಳಬೇಕಿತ್ತು. ಹೌದವ್ವಾ, ಬರುತ್ತೆ ಎಂದಿದ್ದರೂ ಸಾಕಿತ್ತು. ನಾನು ಫೋನು ಹಿಡಿದುಕೊಂಡು ಸುಮ್ಮನೆ ನಿಂತೆ. ಅವಳು ಕಾದಳು, ಅವಳ ಉಸಿರು ನನಗೆ ಕೇಳಿಸುತ್ತಿತ್ತು. ಆಮೇಲೆ "ಓಕೆ" ಎಂದು ಫೋನು ತಾಯಿಗೆ ಕೊಟ್ಟಳು. "ಹಬ್ಬ ಆಕೀದು. ಆಕೀ ನೆನಪ ಇಲ್ಲಂದ್ರ ಕಳಸೂದರ ಯಾಕ್ರಿ?" ಎಂದಳು ತಾಯಿ. ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ. ಮಾರನೇ ದಿನವೇ ಅಂಗಡಿಗೆ ಹೋಗಿ ಹತ್ತು ವರ್ಷದವರ ಸೈಜು ಕೇಳಿ ರೆಡಿಮೇಡ್ ಕಳಿಸಿದೆ. ಅದಕ್ಕೆ ಫೋನು ಬರಲಿಲ್ಲ. ಮುಂದಿನ ವರ್ಷ ಬಟ್ಟೆ ಕಳಿಸಲೇ ಎಂದು ತಾಯಿಯನ್ನು ಕೇಳಿದಾಗ "ಆಕಿ ಬ್ಯಾಡ ಅಂತಾಳ" ಎಂದು ಒಂದು ಸಾಲಿನ ಮೆಸೇಜು ಬಂತು. ಅಲ್ಲಿಗೆ ಮುಗಿಯಿತು. ಅಪ್ಪ ತನ್ನನ್ನು ಮರೆತ ಎಂದು ಅವಳು ತಿಳಿದುಕೊಂಡಿದ್ದಾಳೆ. ಮರೆಯಲಿಲ್ಲ ಮಗಳೇ, ನಿನ್ನನ್ನು ಬೆಳೆಯಲು ಬಿಡಲಿಲ್ಲ ಅಷ್ಟೇ ಎಂದು ಹೇಗೆ ಹೇಳುವುದು? ಹೇಳಿದರೆ ಅದೇನು ಕಮ್ಮಿ ನೋವೇ?

ಆ ಫೋನು ಬಂದ ಸಂಜೆ ಆಂಟಿ ಬಾಗಿಲಲ್ಲೇ ಕೂತಿದ್ದರು. ಎಷ್ಟೋ ಸಂಗತಿ ಮರೆತಿದ್ದವರು ಇದೊಂದನ್ನು ಮರೆತಿರಲಿಲ್ಲ. ನನ್ನನ್ನು ಕಂಡ ಕೂಡಲೇ ಮುಖ ಅರಳಿಸಿ ಕೇಳಿದರು:

"ಸರಿಯಾಯ್ತಂತಾ ಸಾರ್?"

"ಸರಿಯಾಯ್ತಂತೆ ಆಂಟಿ" ಎಂದೆ. "ಕರೆಕ್ಟಾಗಿ ಆಯ್ತಂತೆ."

"ಮತ್ತೆ? ಯಾರ್ ಹೊಲ್ದಿದ್ದು?"

ಅವರು ಹೊಲಿದ ಕೊನೆಯ ಬಟ್ಟೆ ಅದು. ಆಮೇಲೆ ಮಗ ಬಂದು ಅವರನ್ನು ಜೆ.ಪಿ. ನಗರಕ್ಕೆ ಕರೆದುಕೊಂಡು ಹೋದ. ಒಂದು ಸಲ ನೋಡಲು ಹೋಗಿದ್ದೆ. ಬಾಲ್ಕನಿಯಲ್ಲಿ ಕುರ್ಚಿಯ ಮೇಲೆ ಕೂತು, ಎರಡೂ ಕಾಲನ್ನು ಮಿಷನ್ ತುಳಿಯುವ ಹಾಗೆ ಆಡಿಸುತ್ತಿದ್ದರು. ನನ್ನ ಗುರುತು ಹತ್ತಲಿಲ್ಲ. "ಏನ್ರೀ ಆಂಟಿ" ಎಂದೆ, ನಗಲಿಲ್ಲ. ಪಾಪುವಿನ ಬಗ್ಗೆಯೂ ಕೇಳಲಿಲ್ಲ. ಮೇಲೆ ಮಲಗಿದ್ದ ನನ್ನ ಮಗಳು ಅಲ್ಲಿಂದಲೂ ಹೊರಟುಹೋಗಿದ್ದಳು. ಕೆಲವು ತಿಂಗಳ ನಂತರ ಆಂಟಿ ಹೋದರು ಎಂದು ಮಗ ಫೋನು ಮಾಡಿದ.

ಪಾಳ್ಯದ ಮನೆಯನ್ನು ಒಡೆದು ಪಿ.ಜಿ. ಕಟ್ಟುವುದೆಂದಾಯಿತು. ನಾನು ಉತ್ತರಹಳ್ಳಿಗೆ ಬಂದೆ. ಖಾಲಿ ಮಾಡುವ ಮುಂಚೆ, ನಾಚಿಕೆ ಬಿಟ್ಟು ಆಂಟಿಯ ಸೊಸೆಯನ್ನು ಕೇಳಿದ್ದೆ. ಮಿಷನ್ನಿನ ಡ್ರಾಯರಿನಲ್ಲಿ ಒಂದು ಹಳದಿ ಫ್ರಾಕು ಇತ್ತು, ಅಳತೆಗೆ ಕೊಟ್ಟಿದ್ದು ಎಂದೆ. ಆಕೆ ಪಾಪ ಒಳ್ಳೆಯವರು, ನೊಂದುಕೊಂಡೇ ಹೇಳಿದರು: "ಅಯ್ಯೋ, ಹಳೇ ಬಟ್ಟೆ ಎಲ್ಲಾ ಕೊಟ್ಬಿಟ್ವಲ್ಲ ಸಾರ್. ಬೇಕಿತ್ತಾ?"

ಬೇಕಿತ್ತು...

ಟೈಲರ್ ಅಂಗಡಿಯಲ್ಲಿ ನನ್ನ ಮುಂದಿದ್ದವರ ಸರದಿ ಬಂತು. ಒಬ್ಬ ಅಪ್ಪ, ಒಬ್ಬಳು ಮಗಳು. ಶಾಲೆಯ ಯೂನಿಫಾರ್ಮ್ ಹೊಲಿಸಲು ಬಂದಿದ್ದರು. ಹುಡುಗಿ ಎಸ್ಸೆಸ್ಸೆಲ್ಸಿಯಂತೆ. ನನ್ನವಳೂ ಈ ವರ್ಷ ಅದೇ ತರಗತಿಯಲ್ಲಿರಬೇಕು, ಮುಂದಿನ ತಿಂಗಳು ಅವಳಿಗೆ ಹದಿನೈದು. ಟೈಲರು ಟೇಪು ಹಿಡಿದು ಭುಜ, ತೋಳು, ಉದ್ದ ಎಂದು ಒಂದೊಂದೇ ಅಂಕಿ ಕೂಗುತ್ತಿದ್ದರು. ನಾನು ಸ್ಟೂಲಿನ ಮೇಲೆ ಕೂತು ಆ ಅಂಕಿಗಳನ್ನೆಲ್ಲ ಮನಸ್ಸಿನಲ್ಲೇ ಬಾಯಿಪಾಠ ಮಾಡುತ್ತಿದ್ದೆ. ಯಾಕೆಂದು ಯಾರಾದರೂ ಕೇಳಿದ್ದರೆ ಏನು ಹೇಳುತ್ತಿದ್ದೆನೋ.

"ಸ್ವಲ್ಪ ಉದ್ದ ಬಿಡಿ, ಬೆಳಿಯೋ ಹುಡುಗಿ" ಎಂದರು ಅಪ್ಪ.

"ಅಪ್ಪಾ, ಇನ್ನೇನ್ ಬೆಳೀತೀನಿ? ನಾನು ಬೆಳಿಯೋದು ಮುಗೀತು, ಸುಮ್ನಿರು" ಎಂದು ಹುಡುಗಿ ನಕ್ಕಳು. ಅಪ್ಪನೂ ನಕ್ಕರು. ಇಬ್ಬರೂ ಸ್ಕೂಟರು ಹತ್ತಿ ಹೋದರು.

ಟೈಲರು ನನ್ನ ಕಡೆ ತಿರುಗಿ, "ನಿಮ್ ಅಳತೆ ಸಾರ್?" ಎಂದರು. ತಂದಿಲ್ಲ, ಟೇಪಲ್ಲೇ ಅಳೆದುಕೊಳ್ಳಿ ಎಂದು ಎದ್ದು ನಿಂತು ಕೈ ಎತ್ತಿದೆ. ಅವರು ಸೊಂಟಕ್ಕೆ ಟೇಪು ಸುತ್ತಿದರು. ಆ ಹುಡುಗಿ ಹೇಳಿದ್ದು ನಿಜ, ಈ ವಯಸ್ಸಿಗೆ ಹೆಣ್ಣುಮಕ್ಕಳ ಉದ್ದ ಅಲ್ಲಿಗೆ ನಿಲ್ಲುತ್ತದೆ. ಪುಣೆಯಲ್ಲಿ ನನ್ನ ಮಗಳೂ ಬೆಳೆದು ಮುಗಿದಿದ್ದಾಳೆ. ಅದರಲ್ಲಿ ಒಂದು ಬೆರಳಿನಷ್ಟನ್ನೂ ನಾನು ನೋಡಲಿಲ್ಲ.